ಒಂದು ಸರಪಳಿಯಷ್ಟು ಅಂತರ: ಕೈ ಜಿಪಿಎಸ್ ಮತ್ತು ಮಲೆನಾಡಿನ ಗಡಿಗಳು

ಕರ್ನಾಟಕದ ಭೂದಾಖಲೆಗಳಲ್ಲಿ ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಮೋಜಣಿದಾರರ ಸರಪಳಿಯೂ 33 ಅಡಿಯದೇ. ಅದನ್ನು 16 ಆಣೆಗಳಾಗಿ ವಿಭಾಗಿಸಿ ಅಳೆಯುವ ಪದ್ಧತಿ ಇಂದಿಗೂ ಹಳ್ಳಿಗರ ಬಾಯಲ್ಲಿ ಉಳಿದಿದೆ. ಮೀಟರಿಗೆ ಪರಿವರ್ತಿಸಿದರೆ ಈ ಸರಪಳಿಯ ಉದ್ದ 10 ಮೀಟರಿಗಿಂತ ಕೇವಲ 6 ಸೆಂಟಿಮೀಟರ್ ಹೆಚ್ಚು. ದಟ್ಟ ಕಾನಿನೊಳಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣ ಮಾಡಬಹುದಾದ ತಪ್ಪೂ ಹೆಚ್ಚುಕಡಿಮೆ ಇಷ್ಟೇ. ಗುಂಟೆಗಳ ಲೆಕ್ಕದಲ್ಲಿ ಬದುಕುವ ಮಲೆನಾಡಿನ ಸಣ್ಣ ಹಿಡುವಳಿದಾರನ ಗಡಿಯನ್ನು, ಒಂದು ಗುಂಟೆಯ ಬದಿಯಷ್ಟು ತಪ್ಪಬಲ್ಲ ಉಪಕರಣವೊಂದರಿಂದ ಗುರುತಿಸಿ, ಅದನ್ನೇ ಅಂತಿಮವೆಂದು ಕಾಗದದ ಮೇಲೆ ಮೊಹರು ಮಾಡುವ ಕ್ರಮ ಪ್ರಶ್ನಾರ್ಹವಾದುದು. ಉಪಕರಣ ಕೆಟ್ಟದ್ದೆಂಬುದು ಇಲ್ಲಿನ ಆಕ್ಷೇಪವಲ್ಲ. ಅದು ಹೇಳಲಾರದ್ದನ್ನು ಅದರ ಬಾಯಿಂದ ಹೇಳಿಸುವ ಆತುರದ ಬಗ್ಗೆ ಆಕ್ಷೇಪ.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ತನ್ನ ಗಡಿಯಾರದ ಸಮಯವನ್ನು ರೇಡಿಯೋ ಸಂಕೇತವಾಗಿ ಬಿತ್ತರಿಸುತ್ತದೆ. ಆ ಸಂಕೇತ ಕೈಯಲ್ಲಿರುವ ಉಪಕರಣಕ್ಕೆ ತಲುಪಲು ಹಿಡಿದ ಕಾಲದಿಂದ ದೂರವನ್ನೂ, ಕನಿಷ್ಠ ನಾಲ್ಕು ಉಪಗ್ರಹಗಳ ದೂರದಿಂದ ನಿಂತ ಸ್ಥಳವನ್ನೂ ಲೆಕ್ಕ ಹಾಕಲಾಗುತ್ತದೆ. ರೇಡಿಯೋ ಅಲೆ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ 30 ಸೆಂಟಿಮೀಟರ್ ಸಾಗುವುದರಿಂದ, ಅಂಥ ಹತ್ತು ಭಾಗಗಳಷ್ಟು ಸಮಯದ ತಪ್ಪು ಮೂರು ಮೀಟರ್ ದೂರದ ತಪ್ಪಾಗುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕದ ಸರ್ಕಾರ ನಾಗರಿಕ ಬಳಕೆಯ ಸಂಕೇತವನ್ನು ಉದ್ದೇಶಪೂರ್ವಕವಾಗಿ ಕೆಡಿಸುತ್ತಿತ್ತು; ಆಗ ತಪ್ಪು ನೂರು ಮೀಟರಿನವರೆಗೂ ಇರುತ್ತಿತ್ತು. ಆ ನಿರ್ಬಂಧ ತೆಗೆದ ಮೇಲೆಯೇ ಕೈ ಜಿಪಿಎಸ್ ಅಳತೆಯ ಕೆಲಸಕ್ಕೆ ಒದಗಿತು. ಇಂದು ತೆರೆದ ಬಯಲಿನಲ್ಲಿ, ಆಕಾಶ ಪೂರ್ತಿ ಕಾಣುವಲ್ಲಿ, ಒಳ್ಳೆಯ ಉಪಕರಣ ಸುಮಾರು ಐದು ಮೀಟರಿನೊಳಗೆ ಸ್ಥಳವನ್ನು ತೋರಿಸುತ್ತದೆ. ಬಯಲುಸೀಮೆಯ ಹೊಲಕ್ಕೆ ಇದು ಸಾಮಾನ್ಯ ಸಂಗತಿ.

ಮಲೆನಾಡಿನಲ್ಲಿ ಆಕಾಶ ಪೂರ್ತಿ ಕಾಣುವುದು ಅಪರೂಪ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಹಿರಿಯರು ಇಟ್ಟ ಹೆಸರೇ ಅಲ್ಲಿ ಉಪಕರಣ ಎದುರಿಸುವ ತೊಡಕನ್ನು ಹೇಳುತ್ತದೆ. ನಿತ್ಯಹರಿದ್ವರ್ಣದ ಮರಗಳ ಚಪ್ಪರ ಸಂಕೇತವನ್ನು ಕುಗ್ಗಿಸುತ್ತದೆ. ಬೇಸಗೆಯಲ್ಲೂ ಎಲೆ ಉದುರದ ಕಾರಣ ಋತು ಬದಲಾದರೂ ಹೆಚ್ಚಿನ ಪ್ರಯೋಜನವಿಲ್ಲ. ಕಣಿವೆಯ ಎರಡೂ ಬದಿಯ ಗುಡ್ಡಗಳು ದಿಗಂತದ ಸಮೀಪದ ಉಪಗ್ರಹಗಳನ್ನು ಮರೆಮಾಡುತ್ತವೆ. ಉಳಿದ ಉಪಗ್ರಹಗಳೆಲ್ಲ ನೆತ್ತಿಯ ಮೇಲೆ ಗುಂಪಾಗಿದ್ದರೆ ಲೆಕ್ಕ ದುರ್ಬಲವಾಗುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದೆಂದರೆ ಬಳಸುದಾರಿಯ ಸಂಕೇತ. ದಪ್ಪ ಕಾಂಡಕ್ಕೋ ಬಂಡೆಗೋ ಬಡಿದು ಪ್ರತಿಫಲಿಸಿ ಬಂದ ಸಂಕೇತವನ್ನು ಉಪಕರಣ ನೇರವಾಗಿ ಬಂದದ್ದೆಂದೇ ನಂಬುತ್ತದೆ; ದಾರಿ ಉದ್ದವಾದಷ್ಟೂ ಸ್ಥಳ ಪಕ್ಕಕ್ಕೆ ಸರಿಯುತ್ತದೆ. ಮೋಡ ಕವಿದರೆ ಜಿಪಿಎಸ್ ಕೆಡುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಮೋಡದಿಂದ ಆಗುವ ಬಾಧೆ ಅತ್ಯಲ್ಪ. ಮಳೆಯಲ್ಲಿ ತೊಯ್ದ ಎಲೆಗಳು ಮಾತ್ರ ನಿಜವಾಗಿ ಅಡ್ಡಿ ಮಾಡುತ್ತವೆ, ಉಪಕರಣವನ್ನು ಎದೆಗೆ ಒತ್ತಿ ಹಿಡಿದ ಮನುಷ್ಯನ ದೇಹವೂ ಹಾಗೆಯೇ.

ಇದಕ್ಕೆ ಎಲ್ಲರೂ ಸೂಚಿಸುವ ಪರಿಹಾರ, ಒಂದೇ ಸ್ಥಳದಲ್ಲಿ ಬಹಳ ಹೊತ್ತು ನಿಂತು ಸರಾಸರಿ ತೆಗೆಯುವುದು. ಅದು ಅರ್ಧ ಪರಿಹಾರ. ಐದು ನಿಮಿಷದ ಸರಾಸರಿ ಸಣ್ಣಪುಟ್ಟ ಹೊಯ್ದಾಟವನ್ನು ಸರಿಪಡಿಸುತ್ತದೆ, ಆದರೆ ಪ್ರತಿಫಲನದ ತಪ್ಪು ಆ ಐದು ನಿಮಿಷದಲ್ಲಿ ಹೆಚ್ಚು ಬದಲಾಗದು. ಬೇರೆ ಹೊತ್ತಿನಲ್ಲಿ ಮರಳಿ ಬಂದು ಅಳೆಯಬೇಕು. ಇಲ್ಲೊಂದು ವಿಚಿತ್ರವನ್ನು ವಿದ್ಯಾರ್ಥಿಗಳು ಗಮನಿಸಬೇಕು: ಜಿಪಿಎಸ್ ಉಪಗ್ರಹಗಳು 23 ಗಂಟೆ 56 ನಿಮಿಷಕ್ಕೊಮ್ಮೆ ಆಕಾಶದಲ್ಲಿ ಬಹುತೇಕ ಅದೇ ಜಾಗಕ್ಕೆ ಬರುತ್ತವೆ. ಇಂದು ಹತ್ತು ಗಂಟೆಗೆ ಅಳೆದ ಮೂಲೆಯನ್ನು ನಾಳೆಯೂ ಹತ್ತು ಗಂಟೆಗೇ ಅಳೆದರೆ ಅದೇ ಮರ ಅದೇ ಸಂಕೇತವನ್ನು ಅದೇ ರೀತಿ ತಿರುಚುವ ಸಂಭವವೇ ಹೆಚ್ಚು. ಎರಡು ದಿನದ ಅಂಕಿಗಳು ತಾಳೆಯಾದವೆಂದು ಸಮಾಧಾನಪಟ್ಟರೆ ಒಂದೇ ತಪ್ಪನ್ನು ಎರಡು ಸಲ ಬರೆದಂತಾಯಿತು. ರಷ್ಯಾದ ಗ್ಲೋನಾಸ್, ಯೂರೋಪಿನ ಗೆಲಿಲಿಯೊ, ಭಾರತದ ನಾವಿಕ್ ಉಪಗ್ರಹಗಳನ್ನೂ ಹಿಡಿಯುವ ಉಪಕರಣಗಳಲ್ಲಿ ಈ ದೋಷ ಕಡಿಮೆ, ಇಲ್ಲವೆಂದಲ್ಲ.

ಇನ್ನೊಂದು ಕಾರಣ ಎತ್ತರದ ಆಕಾಶದಲ್ಲಿದೆ. ಸಂಕೇತಗಳು ಅಯಾನುಗೋಲವನ್ನು ಹಾಯ್ದು ಬರಬೇಕು. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗುವುದರಿಂದ ಈ ಪ್ರದೇಶದ ಅಯಾನುಗೋಲ ಹೆಚ್ಚು ಕ್ಷೋಭೆಯದು. ಮಧ್ಯಾಹ್ನದ ನಂತರ ಅದರಿಂದಾಗುವ ವಿಳಂಬ ಗರಿಷ್ಠ. ವಿಷುವತ್ತಿನ ಆಸುಪಾಸಿನ ತಿಂಗಳುಗಳಲ್ಲಿ ಸೂರ್ಯಾಸ್ತದ ಬಳಿಕ ಸಂಕೇತಗಳು ಮಿನುಗಿ ಕಡಿದುಹೋಗುವುದೂ ಉಂಟು. ಸೂರ್ಯನ ಚಟುವಟಿಕೆ 2024ರಲ್ಲಿ ಗರಿಷ್ಠ ಘಟ್ಟ ಮುಟ್ಟಿದಾಗ ಇದು ಇನ್ನಷ್ಟು ಹೆಚ್ಚಿತ್ತು. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ರೂಪಿಸಿದ ಗಗನ್ ವ್ಯವಸ್ಥೆ ಈ ಬಗೆಯ ತಪ್ಪಿಗೆ ತಿದ್ದುಪಡಿ ಕಳಿಸುತ್ತದೆ. ಆದರೆ ಅದು ತಿದ್ದುವುದು ಆಕಾಶದ ತಪ್ಪನ್ನು. ಹಲಸಿನ ಮರದ ತಪ್ಪನ್ನಲ್ಲ.

ಪರದೆಯ ಮೂಲೆಯಲ್ಲಿ "ನಿಖರತೆ 4 ಮೀಟರ್" ಎಂದು ಕಾಣುವ ಅಂಕಿಯನ್ನು ಪ್ರಮಾಣಪತ್ರವೆಂದು ಓದುವುದು ಸಾಮಾನ್ಯ. ಅದು ಉಪಕರಣದ ಅಂದಾಜು ಮಾತ್ರ. ಅಂಥ ವೃತ್ತದೊಳಗೆ ನಿಜವಾದ ಸ್ಥಳ ಇರುವ ಸಂಭವ ಸಾಮಾನ್ಯವಾಗಿ ಅರ್ಧದಿಂದ ಮೂರನೇ ಎರಡು ಭಾಗದಷ್ಟು. ಪ್ರತಿಫಲಿತ ಸಂಕೇತದ ಮೋಸವಂತೂ ಆ ಅಂದಾಜಿನಲ್ಲಿ ಪೂರ್ತಿ ಸೇರಿರುವುದಿಲ್ಲ. ಹಾಗೆಯೇ ಅಕ್ಷಾಂಶವನ್ನು ದಶಮಾಂಶದ ಏಳು ಸ್ಥಾನಗಳವರೆಗೆ ಬರೆದ ವರದಿಗಳು ಕಾಣಸಿಗುತ್ತವೆ. ಐದನೆಯ ಸ್ಥಾನವೇ ಸುಮಾರು ಒಂದು ಮೀಟರ್. ಏಳನೆಯದು ಒಂದು ಸೆಂಟಿಮೀಟರ್. ಕಾನಿನೊಳಗಿನ ಕೈ ಜಿಪಿಎಸ್ಸಿಗೆ ಸೆಂಟಿಮೀಟರ್ ಎಂಬುದು ಗೊತ್ತೇ ಇಲ್ಲ.

ಈ ತಪ್ಪು ಯಾರನ್ನು ಎಷ್ಟು ತಟ್ಟುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಮಲೆನಾಡಿನ ಅಡಿಕೆ ತೋಟಗಳು ಹೆಚ್ಚಾಗಿ ಕಣಿವೆಯ ತಳದಲ್ಲಿ, ಹಳ್ಳದ ಗುಂಟ ಉದ್ದಕ್ಕೆ ಹಬ್ಬಿದ ಪಟ್ಟಿಗಳು. 200 ಮೀಟರ್ ಉದ್ದ, 20 ಮೀಟರ್ ಅಗಲದ ಒಂದು ಪಟ್ಟಿಯನ್ನು ತೆಗೆದುಕೊಳ್ಳಬಹುದು. ವಿಸ್ತೀರ್ಣ ಸುಮಾರು ಒಂದು ಎಕರೆ. ಅದರ ಅಗಲ ಅಳತೆಯಲ್ಲಿ ಐದು ಮೀಟರ್ ಕಡಿಮೆ ಬಂದರೆ ಸುಮಾರು 10 ಗುಂಟೆ, ಅಂದರೆ ತೋಟದ ಕಾಲು ಭಾಗ, ದಾಖಲೆಯಿಂದ ಮಾಯವಾಗುತ್ತದೆ. ಇನ್ನು 200 ಮೀಟರ್ ಬದಿಯ, ಸುಮಾರು ಹತ್ತು ಎಕರೆಯ ಚೌಕದಲ್ಲಿ ಅದೇ ಐದು ಮೀಟರಿನ ತಪ್ಪಿನಿಂದ ಹೋಗುವುದೂ ಅದೇ 10 ಗುಂಟೆ. ಆದರೆ ಅಲ್ಲಿ ಅದು ನೂರಕ್ಕೆ ಎರಡೂವರೆ ಮಾತ್ರ. ಉಪಕರಣ ಇಬ್ಬರಿಗೂ ಒಂದೇ ತಪ್ಪು ಮಾಡಿದೆ, ಪೆಟ್ಟು ಬಿದ್ದದ್ದು ಎಕರೆಯವನಿಗೆ. ಅವನ ತೋಟವೇ ಹೆಚ್ಚು ನೆರಳಿನ, ಹೆಚ್ಚು ಆಳದ ಕಣಿವೆಯಲ್ಲಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು.

ಇಲ್ಲಿ ಉಪಕರಣದ ಪರವಾಗಿ ಹೇಳಬೇಕಾದ ಮಾತೊಂದಿದೆ. ಆಕಾಶದಿಂದ ಬರುವ ತಪ್ಪು ಎಲ್ಲ ಮೂಲೆಗಳನ್ನೂ ಒಂದೇ ದಿಕ್ಕಿಗೆ ಸರಿಸುತ್ತದೆ. ತೆರೆದ ಜಮೀನಿನ ಸುತ್ತ ಒಂದೇ ಸಲಕ್ಕೆ ನಡೆದು ಮುಗಿಸಿದರೆ ಆಕೃತಿ ಪೂರ್ತಿಯಾಗಿ ಸ್ವಲ್ಪ ಪಕ್ಕಕ್ಕೆ ಸರಿದೀತು, ವಿಸ್ತೀರ್ಣ ಹೆಚ್ಚು ಕೆಡದು. ಆ ಆಕೃತಿಯನ್ನು ಅರಣ್ಯದ ಗಡಿ ಇರುವ ನಕ್ಷೆಯ ಮೇಲೆ ಕೂರಿಸಿದಾಗ ಮಾತ್ರ ತೊಂದರೆ ಎದ್ದುಬರುತ್ತದೆ. ಹಳೆಯ ಸರ್ವೆ ನಕ್ಷೆಗಳು ಎವರೆಸ್ಟ್ ಎಂಬ ಭೂಮಾದರಿಯನ್ನು ಆಧರಿಸಿದವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಈ ಎರಡನ್ನೂ ಹೊಂದಿಸದೆ ಒಂದರ ಮೇಲೊಂದು ಇಟ್ಟರೆ ಈ ಭಾಗದಲ್ಲಿ ನೂರು ಮೀಟರಿಗೂ ಮೀರಿದ ವ್ಯತ್ಯಾಸ ಬರುತ್ತದೆ. ಮನೆ ಹಳ್ಳದಾಚೆ ಹೋಗಿ ನಿಲ್ಲುತ್ತದೆ, ತೋಟ ಗುಡ್ಡ ಹತ್ತುತ್ತದೆ. 14 ಡಿಗ್ರಿ 30 ಮಿನಿಟನ್ನು 14.30 ಎಂದು ಬರೆದುಕೊಂಡರಂತೂ ಊರೇ 22 ಕಿಲೋಮೀಟರ್ ಸರಿಯುತ್ತದೆ. ಇಂಥ ದೊಡ್ಡ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ, ಚಿಕ್ಕವು ಬೀಳುವುದಿಲ್ಲ.

ಉಪಕರಣದ್ದಲ್ಲದ ತಪ್ಪನ್ನು ಅದರ ತಲೆಗೆ ಕಟ್ಟುವುದೂ ನಡೆದಿದೆ. ಇಳಿಜಾರಿನಲ್ಲಿ ಹಗ್ಗ ಹಿಡಿದು ನೆಲದ ಗುಂಟ ಅಳೆದ 100 ಮೀಟರ್, ಇಳಿಜಾರು 30 ಡಿಗ್ರಿ ಇದ್ದರೆ, ನಕ್ಷೆಯ ಮೇಲೆ 87 ಮೀಟರಿಗಿಂತ ತುಸು ಕಡಿಮೆ. ಭೂದಾಖಲೆ ಲೆಕ್ಕಕ್ಕೆ ಹಿಡಿಯುವುದು ಸಮತಲದ ವಿಸ್ತೀರ್ಣವನ್ನು. ಸೊಪ್ಪಿನ ಬೆಟ್ಟದಲ್ಲಿ ಜಿಪಿಎಸ್ "ಕಡಿಮೆ" ತೋರಿಸಿತೆಂದು ಜಗಳಕ್ಕೆ ನಿಂತ ಎಷ್ಟೋ ಸಂದರ್ಭಗಳಲ್ಲಿ ಉಪಕರಣ ಸರಿಯಾಗಿಯೇ ಇದ್ದಿರಬಹುದು. ಎತ್ತರದ ವಿಷಯದಲ್ಲಿ ಮಾತ್ರ ಅದನ್ನು ನಂಬಬಾರದು. ಅಬ್ಬಿಯ ನೀರನ್ನು ಮನೆಗೆ ಹರಿಸುವ ಕೊಳವೆಯ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪೇ ಇಂದಿಗೂ ಶ್ರೇಷ್ಠ.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾದ ನಿಯಮಗಳು, ಉಪಗ್ರಹ ಚಿತ್ರ ಮತ್ತಿತರ ತಂತ್ರಜ್ಞಾನ ಬೇರೆ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಬದಲಿಯಾಗಲಾರದು ಎನ್ನುತ್ತವೆ. ಬದುವು, ಬಾವಿ, ಸಮತಟ್ಟು ಮಾಡಿದ ನೆಲ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಇವೆಲ್ಲವೂ ನಿಯಮಗಳು ಒಪ್ಪಿದ ಸಾಕ್ಷ್ಯಗಳು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸುವ ಬಗ್ಗೆ ನೀಡಿದ ಆದೇಶವನ್ನು ಅದೇ ತಿಂಗಳ 28ರಂದು ತಾನೇ ತಡೆಹಿಡಿಯಿತು. ಅರ್ಜಿಗಳನ್ನು ಯಾವ ಕ್ರಮದಿಂದ ತಿರಸ್ಕರಿಸಲಾಯಿತು ಎಂಬ ಪ್ರಶ್ನೆ ಆಗ ಮುನ್ನೆಲೆಗೆ ಬಂತು. ಆ ಪ್ರಶ್ನೆಯೊಳಗೆ ಅಳತೆಯ ಪ್ರಶ್ನೆಯೂ ಸೇರಿದೆ. ಅಳತೆಯ ಕಾಗದದಲ್ಲಿ ಉಪಕರಣದ ಮಾದರಿ, ದಿನ, ಗಂಟೆ, ಪ್ರತಿ ಮೂಲೆಯಲ್ಲಿ ತೋರಿಸಿದ ಅಂದಾಜು ತಪ್ಪು, ಬಳಸಿದ ಭೂಮಾದರಿ ನಮೂದಾಗದಿದ್ದರೆ ಗ್ರಾಮಸಭೆ ಅದನ್ನು ಅಪೂರ್ಣವೆಂದು ಹಿಂದಿರುಗಿಸಬೇಕು. ಮೊದಲು ಹಿರಿಯರೂ ಪಕ್ಕದ ಹಿಡುವಳಿದಾರರೂ ನಿಂತು ಬಾಂದುಕಲ್ಲು, ಅಗಳ, ಧರೆಗಳನ್ನು ಗುರುತಿಸಬೇಕು. ಉಪಕರಣ ಬಂದು ಅದನ್ನು ಬರೆದುಕೊಳ್ಳಬೇಕು. ಈಗ ಬಹಳ ಕಡೆ ಕ್ರಮ ತಿರುಗುಮುರುಗಾಗಿದೆ. ನಿಜವಾದ ತಕರಾರು ಇರುವಲ್ಲಿ ಸರಪಳಿ, ಟೋಟಲ್ ಸ್ಟೇಷನ್ ಅಥವಾ ಸ್ಥಿರ ಕೇಂದ್ರದ ತಿದ್ದುಪಡಿ ಪಡೆಯುವ ಡಿಜಿಪಿಎಸ್ ಅಳತೆಯನ್ನು ಕೇಳುವುದು ದುರಾಸೆಯಲ್ಲ.

ಪರಿಸರದ ಕಾರ್ಯಕರ್ತರೂ ಈ ಮಾತನ್ನು ತಮಗೆ ಅನ್ವಯಿಸಿಕೊಳ್ಳಬೇಕಾಗಿದೆ. ಕಲ್ಲುಕ್ವಾರಿ ಗಡಿ ಮೀರಿದೆಯೆಂದು ತೋರಿಸುವಾಗ ಎಂಟು ಮೀಟರಿನ ಅಂಕಿಯನ್ನು ವಿಜ್ಞಾನವೆನ್ನುವುದು, ಅದೇ ಅಂಕಿ ಊರಿನವರ ವಿರುದ್ಧ ಬಂದಾಗ ವಂಚನೆಯೆನ್ನುವುದು ನಿಲ್ಲದು. ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೂ ಇದು ಸಲ್ಲುತ್ತದೆ. ರಾಮಪತ್ರೆ ಜಡ್ಡಿಗಳು ಹಳ್ಳದ ಗುಂಟ ಕೆಲವೇ ಮೀಟರ್ ಅಗಲಕ್ಕೆ ಉಳಿದಿರುವ ಪಟ್ಟಿಗಳು. 2000ದಲ್ಲಿ ಹೊಸ ಪ್ರಭೇದವೆಂದು ವರದಿಯಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ಇಂಥ ಜಡ್ಡಿಯದು. ಹತ್ತು ಮೀಟರ್ ತಪ್ಪಿದ ಬಿಂದು ಅದನ್ನು ಒಣ ಇಳಿಜಾರಿನ ಮರವನ್ನಾಗಿ ಮಾಡಿಬಿಡುತ್ತದೆ. ಮುಂದೆ ಆ ಅಂಕಿ ನೋಡಿ ಸಸಿ ನೆಡುವವರು ತಪ್ಪು ಜಾಗದಲ್ಲಿ ನೆಡುತ್ತಾರೆ. ಬಿಂದುವಿನ ಜೊತೆಗೆ "ಹಳ್ಳದ ಎಡದಂಡೆ, ನೀರಿನಿಂದ ನಾಲ್ಕು ಹೆಜ್ಜೆ" ಎಂದು ಕೈಬರಹದಲ್ಲಿ ಬರೆದ ಟಿಪ್ಪಣಿ ಆಗ ಹೆಚ್ಚು ಬಾಳುತ್ತದೆ.

ಇನ್ನು ಸೆಲ್ಲುಗಳ ವಿಷಯ. ಬ್ಯಾಟರಿ ಇಳಿದಂತೆ ಅಳತೆಯೂ ಕೆಡುತ್ತದೆ ಎಂದು ಕೆಲವರು ಭಾವಿಸಿದ್ದಾರೆ. ಹಾಗೇನೂ ಆಗದು, ಉಪಕರಣಕ್ಕೆ ಬೇಕಾದ ವೋಲ್ಟೇಜ್ ಸಿಗುತ್ತಿರುವವರೆಗೆ ಲೆಕ್ಕ ಅದೇ. ಕೆಡುವುದು ಮನುಷ್ಯನ ತಾಳ್ಮೆ. ಸೆಲ್ಲು ಮುಗಿಯುವ ಸೂಚನೆ ಕಂಡೊಡನೆ ಉಳಿದ ಮೂಲೆಗಳನ್ನು ಓಡೋಡಿ ಗುರುತಿಸಲಾಗುತ್ತದೆ, ಅಥವಾ ಮಿತವ್ಯಯದ ಸ್ಥಿತಿಗೆ ಹಾಕಿ ಉಪಕರಣ ವಿರಳವಾಗಿ ಬಿಂದು ಹಿಡಿಯುವಂತೆ ಮಾಡಲಾಗುತ್ತದೆ. ನಡುವೆ ಆರಿಹೋದರೆ ಹೊಸ ಸೆಲ್ಲು ಹಾಕಿದ ಮೇಲೆ ಅದು ಉಪಗ್ರಹಗಳನ್ನು ಮತ್ತೆ ಹುಡುಕಬೇಕು. ಒಂದು ಉಪಗ್ರಹ ತನ್ನ ಪಥದ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಮರದಡಿ ಸಂಕೇತ ತುಂಡಾಗುತ್ತಿದ್ದರೆ ಇನ್ನೂ ತಡ. ಆರಂಭದ ಆ ಅರೆಬರೆ ಹೊತ್ತಿನಲ್ಲೇ ಹಳ್ಳದಂಚಿನ ಕೊನೆಯ ಮೂಲೆ ದಾಖಲಾಗುತ್ತದೆ. ಮಲೆನಾಡಿನ ಬಹಳಷ್ಟು ತಕರಾರುಗಳು ಇರುವುದೇ ಆ ಮೂಲೆಯಲ್ಲಿ.

ಎರಡು ಎಎ ಸೆಲ್ಲು ತೆಗೆದುಕೊಳ್ಳುವ ಉಪಕರಣಗಳು ಇನ್ನೂ ಬಳಕೆಯಲ್ಲಿವೆ. ಹಳ್ಳಿಯ ಅಂಗಡಿಯಲ್ಲಿ ಸಿಗುವ ಅಗ್ಗದ ಸತು-ಇಂಗಾಲದ ಸೆಲ್ಲು ಗೋಡೆ ಗಡಿಯಾರಕ್ಕೆ ಸಾಕು, ಜಿಪಿಎಸ್ಸಿಗೆ ಸಾಲದು. ಆಲ್ಕಲೈನ್ ಬಾಳುತ್ತದೆ, ಆದರೆ ನೂರು ದಿನದ ಸರ್ವೆಗೆ ದಿನಕ್ಕೊಂದು ಜೊತೆಯಂತೆ ಇನ್ನೂರು ಖಾಲಿ ಸೆಲ್ಲು ಎಲ್ಲಿ ಹೋಗುತ್ತವೆ ಎಂಬುದನ್ನು ಪರಿಸರದ ಮಾತಾಡುವವರು ಕೇಳಿಕೊಳ್ಳಬೇಕು. ಮರುಚಾರ್ಜಿನ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು ನೂರಾರು ಸಲ ತುಂಬಿಸಬಹುದಾದದ್ದು, ಹಳೆಯ ನಿಕಲ್-ಕ್ಯಾಡ್ಮಿಯಂ ಸೆಲ್ಲಿನ ವಿಷವೂ ಇದರಲ್ಲಿಲ್ಲ. ಇದರ ನಡತೆ ಮಾತ್ರ ಬೇರೆ. ಆಲ್ಕಲೈನ್ ಒಂದೂವರೆ ವೋಲ್ಟಿನಿಂದ ಒಂದೇ ಸಮನೆ ಇಳಿಯುತ್ತದೆ. ಇದು 1.2 ವೋಲ್ಟಿನ ಆಸುಪಾಸಿನಲ್ಲೇ ಬಹಳ ಹೊತ್ತು ನಿಂತು, ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಉಪಕರಣದ ಸೆಟ್ಟಿಂಗಿನಲ್ಲಿ ಸೆಲ್ಲಿನ ಜಾತಿಯನ್ನು ಬದಲಿಸದಿದ್ದರೆ, ತುಂಬಿದ ಸೆಲ್ಲನ್ನೂ ಅರ್ಧ ಖಾಲಿಯೆಂದು ತೋರಿಸುತ್ತದೆ. ಸರ್ವೆಯವರು ಒಳ್ಳೆಯ ಸೆಲ್ಲನ್ನು ಬೈದು ಬಿಸಾಡುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಹೆಚ್ಚು ಸಾಮರ್ಥ್ಯದ ಸೆಲ್ಲೇ ಒಳ್ಳೆಯದೆಂಬ ಎಣಿಕೆಯೂ ತಪ್ಪು. 2,700 ಮಿಲಿಆಂಪಿಯರ್-ಗಂಟೆಯ ಸಾಮಾನ್ಯ ಸೆಲ್ಲು ಸುಮ್ಮನೆ ಪೆಟ್ಟಿಗೆಯಲ್ಲಿದ್ದರೂ ತಿಂಗಳಲ್ಲಿ ಐದನೇ ಒಂದು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಕಳೆದುಕೊಳ್ಳುತ್ತದೆ. 2005ರಲ್ಲಿ ಜಪಾನಿನ ಸಾನ್ಯೊ ಕಂಪನಿ ಎನೆಲೂಪ್ ಹೆಸರಿನಲ್ಲಿ ತಂದ ನಿಧಾನ ಸೋರಿಕೆಯ ಬಗೆಯ ಸೆಲ್ಲು 2,000ದ್ದೇ ಆದರೂ ವರ್ಷದ ನಂತರವೂ ಬಹುಪಾಲು ಚಾರ್ಜ್ ಉಳಿಸಿಕೊಳ್ಳುತ್ತದೆ. ಎರಡು ಸರ್ವೆಗಳ ನಡುವೆ ಮಳೆಗಾಲವೇ ಕಳೆದುಹೋಗುವ ನಾಡಿಗೆ ಎರಡನೆಯದೇ ಹೊಂದುವುದು. ಎಎ ಅಳತೆಯ ಸೆಲ್ಲಿನ ಮೇಲೆ 3,500 ಎಂದೋ 4,000 ಎಂದೋ ಮುದ್ರಿಸಿದ್ದರೆ ಅದು ಸುಳ್ಳು. ಈ ರಸಾಯನದಲ್ಲಿ ಅಷ್ಟು ಹಿಡಿಸುವುದಿಲ್ಲ.

ಚಾರ್ಜಿನ ತೊಡಕು ಮಲೆನಾಡಿನದೇ. ಅಗ್ಗದ ಚಾರ್ಜರುಗಳು ಗಡಿಯಾರ ನೋಡಿ ನಿಲ್ಲುತ್ತವೆ. ಕರೆಂಟು ಹೋಗಿ ಬಂದಾಗ ಲೆಕ್ಕವನ್ನು ಮೊದಲಿನಿಂದ ಶುರುಮಾಡುತ್ತವೆ. ಮಳೆಗಾಲದ ರಾತ್ರಿಯಲ್ಲಿ ಆರು ಸಲ ಹೋಗಿ ಬಂದರೆ ತುಂಬಿದ ಸೆಲ್ಲು ಬೆಳಗಿನವರೆಗೆ ಕಾದು ಹಾಳಾಗುತ್ತದೆ. ಒಂದೊಂದು ಸೆಲ್ಲನ್ನೂ ಪ್ರತ್ಯೇಕವಾಗಿ ಗಮನಿಸಿ ನಿಲ್ಲಿಸುವ ಚಾರ್ಜರಿಗೆ ಕೊಟ್ಟ ಹೆಚ್ಚಿನ ಹಣ ಒಂದೇ ವರ್ಷದಲ್ಲಿ ಹಿಂದಿರುಗುತ್ತದೆ. ತೊರೆಯ ಕಿರು ಜಲವಿದ್ಯುತ್ ಘಟಕವಿರುವ ಮನೆಗಳಲ್ಲಿ ಚಾರ್ಜ್ ಮಾಡುವ ವ್ಯವಸ್ಥೆ ಮಾಡಿಕೊಂಡರೆ, ಬಿಸಿಲಿಲ್ಲದೆ ಸೌರ ಫಲಕ ಸೋಲುವ ಕಾಲದಲ್ಲೇ ಅದು ಗೆಲ್ಲುತ್ತದೆ. ಹೊಸದನ್ನು ಹಳೆಯದರ ಜೊತೆ ಸೇರಿಸಬಾರದು. ದುರ್ಬಲ ಸೆಲ್ಲು ಮೊದಲು ಬರಿದಾಗಿ, ಬಲವಾದದ್ದು ಅದನ್ನು ಉಲ್ಟಾ ದಿಕ್ಕಿಗೆ ತಳ್ಳಿ ಕೊಲ್ಲುತ್ತದೆ. ಜೊತೆಗಳಿಗೆ ಅ, ಆ, ಇ ಎಂದು ಶಾಯಿಯಲ್ಲಿ ಗುರುತು ಹಾಕಿ, ಪ್ರತಿ ಜೊತೆ ಎಷ್ಟು ಗಂಟೆ ಬಂತೆಂದು ಬರೆದಿಡುವ ತಂಡಕ್ಕೆ ಕಾಡಿನೊಳಗೆ ಅನಿರೀಕ್ಷಿತಗಳು ಕಡಿಮೆ.

ಮೊಬೈಲ್ ಫೋನು ಬಂದ ಮೇಲೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. 2018ರಿಂದ ಈಚೆಗೆ ಬಂದ ಕೆಲವು ಫೋನುಗಳು ಎರಡು ಆವರ್ತನಗಳ ಸಂಕೇತ ಹಿಡಿದು ಪ್ರತಿಫಲನದ ತಪ್ಪನ್ನು ಒಂದಷ್ಟು ಗುರುತಿಸುತ್ತವೆ, ಹಳೆಯ ಕೈ ಜಿಪಿಎಸ್ಸಿಗಿಂತ ಚೆನ್ನಾಗಿಯೇ ಅಳೆಯುತ್ತವೆ. ಆದರೆ ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಫೋನು ಟವರನ್ನು ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿಸುತ್ತದೆ. ಏರೋಪ್ಲೇನ್ ಸ್ಥಿತಿಗೆ ಹಾಕಿದರೂ ಜಿಪಿಎಸ್ ಕೆಲಸ ಮಾಡುತ್ತದೆಂಬುದು ಬಹಳ ಮಂದಿಗೆ ತಿಳಿಯದು. ಬ್ಯಾಟರಿ ಉಳಿತಾಯದ ಸೆಟ್ಟಿಂಗು ಪರದೆ ಆರಿದೊಡನೆ ದಾಖಲಾತಿಯನ್ನೇ ನಿಲ್ಲಿಸಿಬಿಡುವುದೂ ಉಂಟು. ಆಗ ನಡೆದ ಹಾದಿಯ ವಕ್ರರೇಖೆ ನಕ್ಷೆಯಲ್ಲಿ ನೇರ ಗೆರೆಯಾಗಿ, ತೋಟದ ಒಂದು ಮಡಿಲು ಹೊರಗುಳಿಯುತ್ತದೆ.

ಕೊಯ್ಲು ಮುಗಿದು ಸರ್ವೆ ತಂಡಗಳು ಊರಿಗೆ ಬರುವ ದಿನ ಗ್ರಾಮಸಭೆಯವರು ಒಂದು ಸಣ್ಣ ಬದಲಾವಣೆಯನ್ನಾದರೂ ಒತ್ತಾಯಿಸಬಹುದು. ಜೀಪು ನಿಲ್ಲುವ ರಸ್ತೆಯಂಚಿನ ಬಯಲಿನಿಂದ ಅಳತೆ ಶುರುವಾಗಿ, ಸಂಜೆಯ ಹೊತ್ತಿಗೆ ಸೋತ ಸೆಲ್ಲುಗಳೊಂದಿಗೆ ಹಳ್ಳದ ಮೂಲೆಗೆ ತಲುಪುವುದು ಈಗಿನ ವಾಡಿಕೆ. ಬೆಳಗಿನ ಹೊತ್ತಿನಲ್ಲಿ, ತುಂಬಿದ ಸೆಲ್ಲು ಹಾಕಿ, ಬಯಲಿನಲ್ಲಿ ಹದಿನೈದು ನಿಮಿಷ ಉಪಕರಣವನ್ನು ಚಾಲೂ ಇಟ್ಟು, ನೇರ ಆ ಕತ್ತಲ ಮೂಲೆಗೇ ಮೊದಲು ಇಳಿಯಲಿ. ಮಧ್ಯಾಹ್ನ ಹಿಂದಿರುಗುವಾಗ ಅದೇ ಕಲ್ಲಿನ ಬಳಿ ಇನ್ನೊಮ್ಮೆ ನಿಲ್ಲಲಿ. ಎರಡು ಅಂಕಿಗಳ ನಡುವಿನ ಅಂತರ ಎಷ್ಟಿದ್ದರೂ ಅದನ್ನು ಕಾಗದದಲ್ಲಿ ಬರೆಯಲಿ, ಅದರ ಪ್ರತಿ ಅಂದೇ ಅರ್ಜಿದಾರನ ಕೈ ಸೇರಲಿ.